ನೀಲಿಯ ಪಕ್ಕದ ಹಸಿರು

ಮರದ ತುಂಡನ್ನು ಲೇತಿಗೆ ಕೊಟ್ಟು ಪೆನ್ನು ಕಡೆಯುವುದು ನನಗೆ ಹಿಡಿದ ಹುಚ್ಚು. ಹನೂರಿನ ಶಾಲೆಯಲ್ಲಿ ಪಾಠ ಮುಗಿಸಿ ಯಳಂದೂರಿನ ಮನೆಗೆ ಬಂದರೆ ಹಿತ್ತಲ ಕೋಣೆಯ ಪುಟ್ಟ ಲೇತಿನ ಮುಂದೆ ಕೂರಬೇಕು, ಇಲ್ಲದಿದ್ದರೆ ಮನೆಯವರ ಮೇಲೆ ರೇಗುತ್ತೇನೆ. ತೇಗ, ಹುಣಸೆ ಎಲ್ಲ ಕಡೆದು ಬೇಜಾರಾದ ಮೇಲೆ ಬಣ್ಣದ ಮರದ ಮೇಲೆ ಕಣ್ಣು ಬಿತ್ತು. ಮರದ ತೆಳು ಹಾಳೆಗಳಿಗೆ ಬಣ್ಣ ಹಾಕಿ, ಒಂದರ ಮೇಲೊಂದು ಅಂಟಿಸಿ ಮಾಡುವ ತುಂಡು ಅದು. ಕಡೆದರೆ ಪೆನ್ನಿನ ಮೈಮೇಲೆ ಪಟ್ಟೆ ಪಟ್ಟೆಯಾಗಿ ಬಣ್ಣ ಏಳುತ್ತದೆ. ಆನ್‌ಲೈನಿನಲ್ಲಿ ನೋಡಿದಾಗಲೆಲ್ಲ ಸ್ಟಾಕ್ ಇಲ್ಲ. ಕೊಳ್ಳೇಗಾಲದ ಪ್ಲೈವುಡ್ ಅಂಗಡಿಯಲ್ಲಿ ಕೇಳಿದರೆ ಸನ್‌ಮೈಕಾ ತೋರಿಸಿ, “ಬಣ್ಣ ತಾನೆ, ಬೇಕಾದಷ್ಟವೆ ಮೇಡಂ” ಎಂದರು.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನನ್ನ ಅಣ್ಣನ ನೆನಪು ಕೊನೆಗೆ ಬಂತು. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವುದೇ ಅವನ ಕಸುಬು. ಬಡಗಿಯಿಂದ ಸಿಲ್ವರ್ ಓಕಿನ ಹಾಳೆ ಸೀಳಿಸಿಕೊಂಡು, ಅಲ್ಲಿ ಬಸ್ಸು ಬದಲಿಸುವಾಗ ಅವನ ಬಣ್ಣದ ಹಂಡೆಯ ಮುಂದೆ ಇಟ್ಟೆ.

“ಕಟ್ಟಿಗೇನ ಅಂಡೆ ಕೆಳಕ್ಕೆ ಆಕ್ತಾರೆ ಕಣವ್ವಾ, ಅಂಡೆ ಒಳಕ್ಕಲ್ಲ,” ಎಂದು ನಕ್ಕ. ಆದರೂ ತೆಗೆದುಕೊಂಡ. ಕೆಂಪು, ಹಳದಿ, ನೀಲಿ, ಹಸಿರು ಕೇಳಿದ್ದೆ.

ಒಣಗಿದ ಹಾಳೆಗಳ ಕಟ್ಟುಗಳನ್ನು ಮನೆಗೆ ತಂದು ಅಂಟು ಹಚ್ಚುವ ಮೊದಲು ಜೋಡಿಸಿ ನೋಡಿದರೆ ಬಣ್ಣ ಮೂರೇ. ಹಸಿರು ಅಂತ ಕೊಟ್ಟದ್ದೂ ನೀಲಿ. ನನಗೆ ಪಿತ್ತ ನೆತ್ತಿಗೇರಿತು. ತಂಗಿಯ ಕೆಲಸ ಅಂದರೆ ಇವನಿಗೆ ಅಸಡ್ಡೆ ಅಂದುಕೊಂಡೆ. ಭಾನುವಾರ ಬೆಳಿಗ್ಗೆಯೇ ಹಾಳೆಗಳನ್ನು ಹಿಡಿದು ಜಗಳಕ್ಕೆ ಹೊರಟೆ.

ಅಣ್ಣ ಹಂಡೆಯ ಮುಂದೆ ನಿಂತಿದ್ದ. ಒಳಗೆ ಮದುವೆ ಸೀರೆಯ ನೂಲು ಕುದಿಯುತ್ತಿತ್ತು. ಗಿಳಿಹಸಿರು ಬೇಕಂತೆ, ನೇಯುವವನು ಇನ್ನೇನು ಬರುವವನಿದ್ದ. ನಾನು ಕೂಗಾಡಿದೆ. ಅವನು ಎರಡು ಹಾಳೆಗಳನ್ನು ಬಾಗಿಲ ಬೆಳಕಿಗೆ ಹಿಡಿದು, “ಇದು ನೀಲಿ, ಇದು ಅಸುರು. ಸರಿಯಾಗೇ ಅವಲ್ಲ?” ಎಂದ.

ಹಾಳೆಗಳನ್ನು ಕಿತ್ತುಕೊಂಡು, ಬೆನ್ನ ಹಿಂದೆ ಅದಲುಬದಲು ಮಾಡಿ ಮತ್ತೆ ತೋರಿಸಿದೆ. ಮೊದಲು ನೀಲಿ ಅಂದಿದ್ದನ್ನೇ ಈಗ ಹಸಿರು ಅಂದ. ನನ್ನ ಮುಖ ನೋಡಿದವನೇ ಹಂಡೆಯ ಕಡೆ ತಿರುಗಿದ. ನನ್ನ ಸಿಟ್ಟೆಲ್ಲ ಹೆದರಿಕೆಯಾಯಿತು.

“ಎಷ್ಟು ದಿನದಿಂದ ಅಣ್ಣಾ?”

“ಯಾರ್ಗೊತ್ತು. ಎಲ್ಲಾ ಮಾಸಲು ಮಾಸಲು ಕಾಣ್ತದೆ. ರೇಷ್ಮೆ ಆದ್ರೆ ಒಂದೊಂದೇ ಬಣ್ಣ ಬತ್ತದೆ, ಅಂದಾಜ್ನಾಗೆ ನಡೀತದೆ. ಇಂಗೆ ಪಕ್ಕಪಕ್ಕ ಮಡಗಿ ನೋಡೋರು ನಿನ್ ಬುಟ್ರೆ ಯಾರವ್ರೆ?”

“ಕಣ್ಣಿಗೆ ಪೊರೆ ಬಂದಿರಬೇಕು. ಆಪರೇಷನ್ ಮಾಡಿಸಿದರೆ ಹೋಗುತ್ತದೆ.”

“ಮೆಲ್ಲಕೆ ಮಾತಾಡು,” ಎಂದು ಬಾಗಿಲ ಕಡೆ ನೋಡಿದ. “ಕಣ್ಣು ಸರಿ ಇಲ್ಲ ಅಂತ ಗೊತ್ತಾದ್ರೆ ನನ್ ಕೈಗೆ ನೂಲು ಕೊಟ್ಟಾರಾ? ಯಾರ್ಗೂ ಏಳ್ಬ್ಯಾಡ ಕಣವ್ವಾ.”

ಅಷ್ಟರಲ್ಲಿ ನೇಯುವವನು ಬಂದೇಬಿಟ್ಟ. ಚಪ್ಪಲಿ ಬಿಡುತ್ತಲೇ, “ಅಸುರು ಬಂತಾ ಅಣ್ಣೋ?” ಎಂದ. ಅಣ್ಣ ಕೋಲಿನಿಂದ ನೂಲಿನ ಲಡಿಯನ್ನು ಮೇಲೆತ್ತಿದ. ಹಬೆಯಾಡುತ್ತಿದ್ದ ಲಡಿಯನ್ನು ನೇಯುವವನ ಕಡೆಗಲ್ಲ, ನನ್ನ ಕಡೆಗೆ ತಿರುಗಿಸಿ ಹಿಡಿದ.

ಅದು ಹಸಿರಾಗಿರಲಿಲ್ಲ. ನವಿಲಿನ ಕತ್ತಿನಂಥ ನೀಲಿ. ಹಸಿರು ಬಂದಿದೆ ಅಂದರೆ ಯಾರದೋ ಮದುವೆ ಸೀರೆ ಕೆಡುತ್ತದೆ. ಬಂದಿಲ್ಲ ಅಂದರೆ ಅಣ್ಣನ ಗುಟ್ಟು ಅಲ್ಲೇ ಬಯಲಾಗುತ್ತದೆ.

“ಇನ್ನೂ ನೀಲೀನೇ ಅದೆ ಕಣಣ್ಣಾ,” ಎಂದೆ. “ಹಳದಿ ಹಾಕು.”

ನೇಯುವವನು ಲಡಿಯನ್ನು ನೋಡಿದ, ಅಣ್ಣನನ್ನು ನೋಡಿದ, ಆಮೇಲೆ ನನ್ನನ್ನು. ಅಣ್ಣ ಹಳದಿ ಕಲಸಿ ಹಾಕಿದ, ಎತ್ತಿದ, ನಾನು ಇಲ್ಲ ಎಂದು ತಲೆಯಾಡಿಸಿದೆ, ಮತ್ತೆ ಮುಳುಗಿಸಿದ. ನಾನು ಸಾಕು ಅನ್ನುವವರೆಗೂ ಅದೇ ನಡೆಯಿತು. ಒಲೆಯ ಬಿಸಿಗೋ ಏನೋ ಅಣ್ಣನ ಮುಖವೆಲ್ಲ ಬೆವೆತಿತ್ತು.

ಒಣಗಲು ಹಾಕಿದ ನೂಲನ್ನು ಬಿಸಿಲಲ್ಲಿ ಎರಡೆರಡು ಸಲ ನೋಡಿದ ನೇಯುವವನು ಹೊರಡುವಾಗ ಅಣ್ಣನ ಎದುರಿಗೇ ನನ್ನನ್ನು ಕೇಳಿದ: “ಮುಂದಿನ್ ನೂಲು ತರೋವತ್ಗೆ ನೀವಿರ್ತೀರಾ ಮೇಡಮ್ಮೋರೇ?”

ಅವನು ಒಳ್ಳೆಯ ಮಾತಿನಲ್ಲೇ ಕೇಳಿದ. ನನಗೆ ಮಾತ್ರ ಅಣ್ಣನಿಗೆ ಕಪಾಳಕ್ಕೆ ಹೊಡೆದಂತೆ ಕೇಳಿಸಿತು.

“ನಾನಿರಲ್ಲ. ಇವನೇ ನೋಡಿ ಹಾಕ್ತಾನೆ. ಒಂದು ತಿಂಗಳು ತಡ್ಕೊ,” ಎಂದೆ.

ಅವನು ತಲೆಯಾಡಿಸಿ ಹೋದ. ಅಣ್ಣ ಒಲೆಯ ಕಟ್ಟಿಗೆ ಹೊರಗೆಳೆದು ನೀರು ಚಿಮುಕಿಸಿದ, ಹಂಡೆ ಬಗ್ಗಿಸಿದ, ಕೋಲು ತೊಳೆದ. ಬೈಯುತ್ತಾನೆ ಅಂತ ಕಾದು ನಿಂತೆ. ಕೊನೆಗೆ ಬೆನ್ನು ತಿರುಗಿಸಿಕೊಂಡೇ, ನನಗೆ ಕೇಳಿಸಿಯೂ ಕೇಳಿಸದ ಹಾಗೆ ಅಂದ:

“ಕಣ್ಣೊಳಕ್ಕೆ ಚಾಕು ಆಕ್ತಾರಂತಲ್ಲವ್ವಾ. ನೋಯ್ತದಾ?”