ಗೋಪಮ್ಮ ಹುಡುಗಿಯನ್ನು ಹೊಳೆ ದಾಟಿಸಿದ್ದು

ಜಾಲಹಳ್ಳಿಯ ಗೋಪಮ್ಮನ ಬಾಯಿಗೆ ಹೆದರದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಆದರೂ ಕಳೆ ತೆಗೆಯುವ ಕಾಲ ಬಂತೆಂದರೆ ಹೊಲದವರು ಮೊದಲು ಬಂದು ನಿಲ್ಲುತ್ತಿದ್ದದ್ದು ಅವಳ ಗುಡಿಸಲಿನ ಮುಂದೆಯೇ. ಬೈಸಿಕೊಂಡಾದರೂ ಕರೆದುಕೊಂಡು ಹೋಗಲೇಬೇಕು, ಬೇರೆ ದಾರಿ ಇಲ್ಲ. ಗೋಪಮ್ಮ ಪದ ಎತ್ತಿದಳೆಂದರೆ ಉಳಿದ ಹೆಂಗಸರ ಕೈಯಲ್ಲಿ ಕಳೆ ಕೀಳುವ ಕುರುಪಿಗಳು ತಾವಾಗಿಯೇ ಓಡುತ್ತಿದ್ದವು.

ಆ ಕೆಲಸಕ್ಕೊಂದು ರೀತಿ ಇತ್ತು. ಹೆಂಗಸರು ಬದುವಿನ ಉದ್ದಕ್ಕೂ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಾರೆ. ಅಂಚಿನ ಸಾಲಿನವಳು ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಕಳೆ ಕೀಳುತ್ತ ಆಚೆ ಬದುವಿಗೆ ಮುಟ್ಟುವ ಹೊತ್ತಿಗೆ ಪದವೂ ಒಂದು ನೆಲೆಗೆ ಬಂದು ನಿಲ್ಲಬೇಕು. ಪದ ಮೊದಲೇ ಮುಗಿದರೆ ಕೈ ಜಡವಾಗುತ್ತದೆ. ಸಾಲು ಮೊದಲೇ ಮುಗಿದರೆ ಕತೆ ಏನಾಯಿತೆಂದು ಕೇಳುತ್ತ ಹೆಂಗಸರು ಬದುವಿನ ಮೇಲೆ ಕೂತೇ ಬಿಡುತ್ತಾರೆ, ಹೊಲದವನು ಬಾಯಿ ಬಡಿದುಕೊಳ್ಳುತ್ತಾನೆ. ಗೋಪಮ್ಮ ಉದ್ದನೆಯ ಹೊಲಕ್ಕೆ ಪದವನ್ನು ಹಿಗ್ಗಿಸುತ್ತಿದ್ದಳು, ತುಂಡು ಹೊಲಕ್ಕೆ ಕುಗ್ಗಿಸುತ್ತಿದ್ದಳು. ಹೇಗೆ ಎಂದು ಕೇಳಿದರೆ, “ಬಾಯಿ ನಂದು, ಕೈನೂ ನಂದು. ಅವೆರಡೂ ಜಗಳ ಆಡಿದ್ರ ನಾನು ಸುಮ್ನ ಕುಂದರ್ತೀನೇನು?” ಅನ್ನುತ್ತಿದ್ದಳು.

ಅವಳ ಪದಗಳಲ್ಲೆಲ್ಲ ದೊಡ್ಡದು ಹೊಳೆ ದಾಟುವ ಹುಡುಗಿಯ ಪದ. ಹುಡುಗಿ ಗಂಡನ ಊರಿನಿಂದ ತವರಿಗೆ ಹೊರಟಿದ್ದಾಳೆ, ಕೃಷ್ಣೆ ತುಂಬಿ ಹರಿಯುತ್ತಿದೆ. ಹರಗೋಲು ನಡುಹೊಳೆಯ ಸುಳಿಗೆ ಸಿಕ್ಕಾಗ ಅವಳು ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಬಿಚ್ಚಿ ಹೊಳೆಗೆ ಕೊಡುತ್ತಾಳೆ. ಹೊಳೆ ಒಂದೊಂದು ಮಾರು ದಾರಿ ಬಿಡುತ್ತದೆ.

ಮೂಗಬೊಟ್ಟು ನಿನಗಾಯ್ತ ಹೊಳಿಯವ್ವ, ಹರಗೋಲ
ದಂಡೀಗೆ ಹಚ್ಚ ನನತಾಯಿ

ಹೀಗೆ ಸಾಗುತ್ತದೆ ಪದ. ಹಿಂದೆ ಅದರಲ್ಲಿ ಕೊಡಲು ಒಡವೆ ಮುಗಿದ ಮೇಲೆ ಹುಡುಗಿ ಮುಳುಗಿಹೋಗುತ್ತಿದ್ದಳು. ಗೋಪಮ್ಮನ ತಾಯಿ ದುರುಗಮ್ಮನೂ ಪ್ರಾಯದಲ್ಲಿ ಹಾಗೆಯೇ ಹಾಡುತ್ತಿದ್ದಳು. ಆಮೇಲೆ ಒಂದು ಮಳೆಗಾಲ ಅವಳ ಕಿರಿಮಗಳು, ಗೋಪಮ್ಮನ ತಂಗಿ ಹಂಪಮ್ಮ ತವರಿಗೆ ಬರುವಾಗ ಹರಗೋಲು ಮಗುಚಿ ಹೊಳೆಯ ಪಾಲಾದಳು. ಹೆಣ ಕೂಡ ಸಿಗಲಿಲ್ಲ. ಮರು ವರ್ಷ ಕಳೆಗೆ ಇಳಿದ ದುರುಗಮ್ಮ ಹುಡುಗಿ ಮುಳುಗುವ ಜಾಗಕ್ಕೆ ಬಂದು ನಿಲ್ಲಲಿಲ್ಲ. ಮುಂದೆ ಹಾಡುತ್ತಲೇ ಹೋದಳು. ದಂಡೆಯ ಮೇಲೆ ತಾಯಿಯನ್ನು ನಿಲ್ಲಿಸಿದಳು, ಕೈಚಾಚಿಸಿದಳು, ಹುಡುಗಿಯನ್ನು ಎಳೆದು ಮರಳ ಮೇಲೆ ಕೂರಿಸಿದಳು. ಸೊಲ್ಲು ಹಿಡಿಯಬೇಕಾದ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸಾಯುವ ಮುಂಚೆ ದುರುಗಮ್ಮ ಗೋಪಮ್ಮನಿಗೆ ಹೇಳಿದ್ದು ಇಷ್ಟೇ: “ಪದ ಬೇಕಾದಂಗ ಹಾಡು. ಹುಡುಗಿನ್ನ ಮಾತ್ರ ನೀರಾಗ ಬಿಡಬ್ಯಾಡ.”

ಗೋಪಮ್ಮ ಬಿಟ್ಟವಳಲ್ಲ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಆ ಒಂದು ದಿನದ ತನಕ.

ಆ ವರ್ಷ ರಾಯಚೂರಿನ ರೈಲ್ವೆ ಇಂಜಿನಿಯರರ ತಂಗಿ ಮಿಸ್ ನೋರಾ ಎಂಬ ದೊರೆಸಾನಿ ಮೋಟಾರಿನಲ್ಲಿ ಒಂದು ಯಂತ್ರ ಇಟ್ಟುಕೊಂಡು ಹಳ್ಳಿ ತಿರುಗುತ್ತಿದ್ದಳು. ಅವಳ ದೇಶ ಐರ್ಲೆಂಡ್. ಯುದ್ಧಕ್ಕೂ ಮುಂಚೆ ಅಲ್ಲಿಯ ಕೊಂಪೆಗಳಲ್ಲಿ, ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಮುದುಕ ಮುದುಕಿಯರ ಕತೆಹಾಡುಗಳನ್ನು ಇದೇ ಯಂತ್ರದಿಂದ ಕರಿಯ ಪ್ಲೇಟಿನ ಮೇಲೆ ಕೊರೆಸಿಕೊಂಡವಳು. ಹಾಡು ಎಲ್ಲಿದ್ದರೂ ಹಾಡೇ ಎಂದು ಇಲ್ಲಿಯೂ ಶುರು ಮಾಡಿದ್ದಳು. ಮೋಟಾರು ಓಡಿಸುವುದು, ಯಂತ್ರ ನೋಡಿಕೊಳ್ಳುವುದು, ಅವಳ ಮಾತನ್ನು ಇವರಿಗೂ ಇವರ ಮಾತನ್ನು ಅವಳಿಗೂ ದಾಟಿಸುವುದು, ಎಲ್ಲವೂ ರಾಯಚೂರಿನ ಗ್ರಾಮಫೋನ್ ರಿಪೇರಿಯ ಅಬ್ದುಲ್ ವಹೀದನ ಪಾಲಿಗೆ. ಮಾನ್ವಿಯಲ್ಲಿ, ಕಲ್ಲೂರಿನಲ್ಲಿ ಹಾಡು ಹಿಡಿದು ಅವರು ದೇವದುರ್ಗದ ಸೀಮೆಯಲ್ಲಿ ಜಾಲಹಳ್ಳಿಗೆ ಹತ್ತಿರದ ಡಾಕ್ ಬಂಗಲೆಗೆ ಬಂದಿಳಿದಾಗ ಖಾಲಿ ಪ್ಲೇಟು ಮೂರೇ ಉಳಿದಿದ್ದವು. ಜಾಲಹಳ್ಳಿಯ ಗೋಪಮ್ಮನ ಹೆಸರು ದಾರಿಯುದ್ದಕ್ಕೂ ಕೇಳಿದ್ದ ವಹೀದ್ ಅವಳನ್ನು ಮೋಟಾರಿನಲ್ಲೇ ಕರೆತಂದ.

ಬಂಗಲೆಯ ಕಾವಲುಗಾರ ಅವಳ ಕೇರಿ ಯಾವುದೆಂದು ಬಲ್ಲವನು. ಮೆಟ್ಟಿಲ ಕೆಳಗೇ ನಿಲ್ಲು ಅಂದ. ದೊರೆಸಾನಿ ತಾನೇ ಒಳಗಿನಿಂದ ಖುರ್ಚಿ ತಂದು ಪಡಸಾಲೆಯ ನಟ್ಟನಡುವೆ ಹಾಕಿದಳು. ಗೋಪಮ್ಮ ಕಾವಲುಗಾರನನ್ನು ನೋಡುತ್ತಲೇ ಮೆಟ್ಟಿಲು ಹತ್ತಿ ಖುರ್ಚಿಯಲ್ಲಿ ಒಂದು ಕಾಲು ಮಡಚಿಕೊಂಡು ಕೂತಳು. ಆ ಸುಖ ಅವಳಿಗೆ ಬಹಳ ದಿನ ನೆನೆಯುವುದಕ್ಕೆ ಸಾಕಾಯಿತು.

ಮೊದಲು ಇದು ಕೇಳು ಎಂದು ದೊರೆಸಾನಿ ತನ್ನ ದೇಶದ ಒಂದು ಪ್ಲೇಟು ಹಾಕಿದಳು. ಒಳಗಿನಿಂದ ಒಬ್ಬ ಮುದುಕಿ ಹಾಡಿದಳು. ತಾಳವಿಲ್ಲ, ಮದ್ದಲೆಯಿಲ್ಲ, ಬರೀ ಗಂಟಲು. ಮಧ್ಯೆ ಎಲ್ಲೋ ಒಂದು ಕೋಳಿ ಕೂಗಿತು. ಗೋಪಮ್ಮನ ಕಿವಿ ನಿಮಿರಿತು.

“ಏನು ಹಾಡಾಕತ್ತಾಳ್ರೀ ಆಯಿ?”

ವಹೀದ್ ದೊರೆಸಾನಿಯನ್ನು ಕೇಳಿ ತಿಳಿದುಕೊಂಡು ಹೇಳಿದ. “ಒಂದು ಹುಡುಗಿ, ಗೋಪಮ್ಮ. ಚರ್ಮದ ದೋಣ್ಯಾಗ ಕುಂತು ತನ್ನವರ ಕಡಿ ಹೊಂಟಾಳ. ಗಾಳಿ ಎದ್ದದ.”

“ಆಮ್ಯಾಲೆ?”

“ಆಮ್ಯಾಲೇನು, ಮುಳುಗಿದ್ಲು.”

“ಮುಳುಗಿದ್ಲು ಅಂದ್ರ? ಅಷ್ಟಕ್ಕ ಬಿಟ್ಲೇನು ಆ ಮುದುಕಿ?”

“ಪದ ಅಲ್ಲಿಗೇ ಮುಗೀತದಂತ.”

ಗೋಪಮ್ಮನ ಮೈ ಉರಿದುಹೋಯಿತು. ಎಂಥ ಗಂಟಲು, ಎಂಥ ಹಾಡಿಕೆ, ಹೋಗಿ ಹೋಗಿ ಹುಡುಗಿಯನ್ನು ನೀರಿನಲ್ಲಿ ಬಿಟ್ಟು ಎದ್ದು ಹೋಗುವುದೆಂದರೇನು! “ನಮ್ಮ ಹುಡುಗಿ ದಾಟ್ತಾಳ್ರೀ ಸಾಬ್ರ. ಹಚ್ರಿ ಮಿಶಿನ್ನು. ಆ ಮುದುಕಿಗೆ ನಾ ತೋರಸ್ತೀನಿ,” ಅಂದಳು.

ಇಲ್ಲಿಯೇ ಅವಳು ಕೆಟ್ಟದ್ದು. ಜಿದ್ದಿಗೆ ಬಿದ್ದ ಹಾಡುಗಾರ್ತಿಗೆ ಹಿಡಿತ ಎಲ್ಲಿಂದ ಬರಬೇಕು? ತಿರುಗುವ ಪ್ಲೇಟಿನ ಮೇಲೆ ಸೂಜಿ ಕೊರೆಯುತ್ತ ಕೂದಲಿನಂಥ ಕರಿ ಎಳೆ ಎದ್ದುಬರುತ್ತಿತ್ತು, ವಹೀದ್ ಕುಂಚದಿಂದ ಅದನ್ನು ಬಳಿಯುತ್ತಿದ್ದ. ಗೋಪಮ್ಮ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಹರಗೋಲನ್ನೇ ಇಷ್ಟುದ್ದ ಬಣ್ಣಿಸಿದಳು. ಹುಡುಗಿ ಮೂಗಬೊಟ್ಟು ಕೊಟ್ಟಳು, ಬುಗುಡಿ ಕೊಟ್ಟಳು, ಡಾಬು ಕೊಟ್ಟಳು. ಕೂಲಿಯವರ ಹುಡುಗಿಯ ಮೈಮೇಲೆ ಇರಲಾರದ ಒಡವೆಗಳನ್ನೂ ಗೋಪಮ್ಮ ಅವಳಿಗೆ ತೊಡಿಸಿ ಬಿಚ್ಚಿಸಿದಳು. ಮೊದಲ ಪ್ಲೇಟು ಮುಗಿದು, ಎರಡನೆಯದನ್ನು ಹಾಕಿ, ಅದೂ ಮುಗಿದು ವಹೀದ್ ಕೈ ಎತ್ತಿದಾಗ ಹುಡುಗಿ ಇನ್ನೂ ನಡುಹೊಳೆಯಲ್ಲಿ ಬಳೆ ಬಿಚ್ಚುತ್ತಿದ್ದಳು.

“ನಿಲ್ಲಸು ಗೋಪಮ್ಮ. ಇನ್ನು ಒಂದೇ ಪ್ಲೇಟು ಅದ. ಈಗ ಲಗೂನ ಮುಗಿಸಿ ಬಿಡು.”

ಬರೀ ಬಾಯಲ್ಲಿ ಒಮ್ಮೆ ಹಾಡಿ ನೋಡು, ಒಂದು ಪ್ಲೇಟಿನಲ್ಲಿ ಹಿಡಿಯುತ್ತದೋ ಇಲ್ಲವೋ ತಿಳಿಯಲಿ ಎಂದು ದೊರೆಸಾನಿ ಗಡಿಯಾರ ಹಿಡಿದು ಕೂತಳು. ಹಿಡಿಯಲಿಲ್ಲ. ಮತ್ತೆ ಹಾಡಿದರೆ ಇನ್ನೂ ಉದ್ದವಾಯಿತು. ಅವಸರ ಮಾಡಿದರೆ ಮಾತು ತಪ್ಪಿತು. ತಾಯಿ ಕೈಚಾಚುವ ಜಾಗಕ್ಕೆ ಬರುವ ಮೊದಲೇ ಪ್ರತಿ ಸಲವೂ ದೊರೆಸಾನಿಯ ಬೆರಳು ಮೇಲೇಳುತ್ತಿತ್ತು. ಮರುದಿನ ಅವರು ರಾಯಚೂರಿಗೆ ಹೊರಡುವವರು, ಅಲ್ಲಿಂದ ಪ್ಲೇಟುಗಳೆಲ್ಲ ಹಡಗು ಹತ್ತುವಂಥವು. ಆಗ ಗೋಪಮ್ಮನಿಗೆ ಅರಿವಾಯಿತು. ಈ ಹುಡುಗಿ ಹೀಗೇ ಸುಳಿಯಲ್ಲಿ ತಿರುಗುತ್ತ ಹೋಗುತ್ತಾಳೆ. ಕಂಡವರೆಲ್ಲ ಪ್ಲೇಟು ಹಾಕಿ ಕೇಳುತ್ತಾರೆ, ಒಬ್ಬರೂ ಕೈಚಾಚುವುದಿಲ್ಲ. ಅವ್ವ ಒಂದೇ ಮಾತು ಹೇಳಿಹೋಗಿದ್ದಳು, ಅದನ್ನೂ ತಾನು ಜಂಬಕ್ಕೆ ಬಿದ್ದು ಮುರಿದಳು.

ಮನೆಗೆ ಹೋದರೆ ಕೇರಿಯ ಸೂಗಮ್ಮ ಬಾಗಿಲಲ್ಲೇ ತಡೆದಳು. “ಗೋಪಕ್ಕ, ಹುಡುಗಿ ದಾಟಿದ್ಲೇನು?”

“ನಿನ್ನ ಬಾಯಾಗ ಮಣ್ಣು ಬೀಳಲಿ,” ಅಂದಳು ಗೋಪಮ್ಮ. ಅಂದವಳೇ ಹೊಸ್ತಿಲಲ್ಲಿ ಕೂತು, ಖುರ್ಚಿ ಏರಿದ್ದರಿಂದ ಹಿಡಿದು ನಡೆದದ್ದನ್ನೆಲ್ಲ ಹೇಳುತ್ತ ಅತ್ತುಬಿಟ್ಟಳು. ಗೋಪಮ್ಮ ಅಳುವುದನ್ನು ಎಂದೂ ಕಂಡಿರದ ಸೂಗಮ್ಮ ಹೆದರಿ ಪಕ್ಕದಲ್ಲಿ ಕೂತಳು. “ನೀನು ಖುರ್ಚಿ ಮ್ಯಾಲೆ ಕುಂತು ಹಾಡಿದ್ದು ನಾ ಎಂದೂ ಕೇಳಿಲ್ಲ ನೋಡಕ್ಕ,” ಅಂದಳು ಏನಾದರೂ ಹೇಳಬೇಕಲ್ಲ ಎಂದು.

ಗೋಪಮ್ಮ ಅಳು ನಿಲ್ಲಿಸಿದಳು. ಸೂಗಮ್ಮನ ಮುಖವನ್ನೇ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, “ನಾಳೆ ಮುಂಜಾನಿ ಎಲ್ಲಾರೂ ಕುರುಪಿ ತಗೊಂಡು ಬಂಗಲಿಗೆ ಬರ್ರಿ,” ಅಂದಳು.

ಬೆಳಗಾದಾಗ ವಹೀದ್ ಸಾಮಾನು ಕಟ್ಟುತ್ತಿದ್ದ. ಬಂಗಲೆಯ ಬೇಲಿಗೆ ಹತ್ತಿದಂತೆ ಗಡಿಗೆಪ್ಪನೆಂಬವನ ಹತ್ತಿಯ ಹೊಲ, ಕಳೆ ಮೊಣಕಾಲಿಗೆ ಬಂದಿತ್ತು. ಗೋಪಮ್ಮ ಕೇರಿಯ ಹೆಂಗಸರೊಂದಿಗೆ ಅದರ ಬದುವಿನ ಮೇಲೆ ನಿಂತಿದ್ದಳು.

“ಸಾಬ್ರ, ನಿನ್ನಿನ ನನ್ನ ಪ್ಲೇಟು ಒಂದು ಹಾಕ್ರಿ. ನಾನು ಕಳಿ ತೆಗೀತೀನಿ. ಪ್ಲೇಟು ಮುಗಿದ ಕೂಡ್ಲೇ ಕೂಗ್ರಿ.”

ವಹೀದನಿಗೆ ತಲೆಬುಡ ತಿಳಿಯಲಿಲ್ಲ. ದೊರೆಸಾನಿಗೆ ಏನು ಹೊಳೆಯಿತೋ, ಪೆಟ್ಟಿಗೆ ಬಿಚ್ಚು ಎಂದು ತಾನೇ ಕೈ ಹಾಕಿದಳು. ಪ್ಲೇಟು ತಿರುಗಿತು, ಗೋಪಮ್ಮ ತನ್ನದೇ ದನಿಗೆ ತಾನೇ ಕಳೆ ಕೀಳುತ್ತ ಸರಿದಳು. ವಹೀದ್ ಕೂಗಿದಾಗ ಕುರುಪಿ ಎಲ್ಲಿತ್ತೋ ಅಲ್ಲಿ ಒಂದು ಜಾಲಿಯ ಕಡ್ಡಿ ನೆಟ್ಟಳು. ತಿರುಗಿ ನೋಡಿದರೆ ಅದು ಸಣ್ಣ ಸಾಲು, ಒಂದು ತುಂಡು ಹೊಲದಷ್ಟು.

“ಇಷ್ಟಽ ಏನು ನಿಮ್ಮ ಮಿಶಿನ್ನು? ನಿನ್ನೆ ಹೇಳಬಾರದೇನ್ರೀ?” ಅಂದಳು.

ಕಡ್ಡಿಯ ಆಚೆ, ಕಳೆ ತೆಗೆಯದ ನೆಲದಲ್ಲಿ, ಅಷ್ಟೇ ದೂರವನ್ನು ಹೆಜ್ಜೆಯಲ್ಲಿ ಅಳೆದು ಎರಡನೆಯ ಕಡ್ಡಿ ನೆಟ್ಟರು. ಮೋಟಾರನ್ನು ಬದುವಿಗೆ ತಂದು ನಿಲ್ಲಿಸಿ, ಅದರ ಬ್ಯಾಟರಿಗೆ ಯಂತ್ರ ಜೋಡಿಸಿದರು. ಉದ್ದನೆಯ ವೈರಿನ ಮೈಕು ಹಿಡಿದು ವಹೀದ್ ಗೋಪಮ್ಮನ ಜೊತೆ ಸರಿಯಬೇಕು, ಯಂತ್ರದ ಹತ್ತಿರ ದೊರೆಸಾನಿ. ಹೆಂಗಸರು ಒಂದೊಂದು ಸಾಲು ಹಿಡಿದು ಕೂತರು. ಮೇಲೆ ಮೋಡ ಕವಿದಿತ್ತು. ದೊರೆಸಾನಿ ಕೊನೆಯ ಪ್ಲೇಟಿನ ಮೇಲೆ ಸೂಜಿ ಇಳಿಸಿ ಕೈ ಬೀಸಿದಳು.

ಹುಡುಗಿಯನ್ನು ಬಳೆ ಬಿಚ್ಚುವಲ್ಲಿ ಬಿಟ್ಟಿದ್ದಳಲ್ಲ, ಅಲ್ಲಿಂದಲೇ ಎತ್ತಿದಳು. ಕೈ ಮಣ್ಣಿಗೆ ಬಿದ್ದದ್ದೇ ತಡ, ಬಾಯಿ ಹಾದಿಗೆ ಬಂತು. ಕುರುಪಿ ಕಚಕ್ ಎಂದರೆ ಒಂದು ಮಾತು, ಕಳೆ ಹಿಂದಕ್ಕೆ ಬಿದ್ದರೆ ಇನ್ನೊಂದು. ಹಿಂದಿನಿಂದ ಹೆಂಗಸರ ಸೊಲ್ಲು ಎದ್ದು ಬಂತು. ಎರೆಮಣ್ಣು ವಹೀದನ ಒಂದು ಬೂಟನ್ನು ಕಚ್ಚಿಕೊಂಡಿತು. ಅವನು ಅದನ್ನು ಅಲ್ಲಿಯೇ ಬಿಟ್ಟು ಮೈಕು ಹಿಡಿದು ಸರಿದ. ಅರ್ಧ ಸಾಲಿಗೆ ಬಂದಾಗ ಗೋಪಮ್ಮ ಕಡ್ಡಿಯ ಕಡೆ ಕಣ್ಣು ಹಾಯಿಸಿದಳು. ಇನ್ನು ಕಾಲುಂಗುರ ಉಳಿದಿತ್ತು. ಅದು ಅವಳಿಗೆ ಪ್ರಾಣದಂಥ ನುಡಿ, ಎಲ್ಲಿ ಹಾಡಿದರೂ ಹೆಂಗಸರು ಅಯ್ಯೋ ಅನ್ನುವ ಜಾಗ, ಅವಳ ಹೆಸರು ಹರಡಿದ್ದೇ ಅದರಿಂದ. ಅದನ್ನು ಹಾಡಿದರೆ ದಂಡೆಗೆ ಸಾಲು ಸಾಲದು. ಎದುರಿನ ಕಳೆಯನ್ನು ಬೇರುಸಹಿತ ಕಿತ್ತು ಹಿಂದಕ್ಕೆ ಎಸೆದಳು. ಹಾಳಾಗಿ ಹೋಗಲಿ ನನ್ನ ಹೆಸರು ಅಂದುಕೊಂಡು ಆ ನುಡಿ ಬಿಟ್ಟುಬಿಟ್ಟಳು. ಸೀದಾ ತಾಯಿಯನ್ನು ದಂಡೆಯ ಮೇಲೆ ತಂದು ನಿಲ್ಲಿಸಿದಳು.

ಹೊಡಿಬ್ಯಾಡ ಹೊಳಿಯವ್ವ, ಬರಿಗೈಯ ನನಮಗಳು
ಕೈ ಕೊಟ್ಟೆ, ಬಾರ ಹಂಪಮ್ಮ

ಹೆಂಗಸರ ಸೊಲ್ಲು ಒಂದು ಗಳಿಗೆ ತಡವರಿಸಿತು. ಪದದ ಹುಡುಗಿಗೆ ಹೆಸರೇ ಇರಲಿಲ್ಲ. ದುರುಗಮ್ಮ ಕೂಡ ಎಂದೂ ಆ ಹೆಸರನ್ನು ಬಾಯಿಗೆ ತಂದವಳಲ್ಲ. ಗೋಪಮ್ಮನಿಗೂ ಅದು ಹೇಗೆ ಬಂತೋ ತಿಳಿಯದು. ಸೂಗಮ್ಮ ಗಂಟಲು ಬಿಚ್ಚಿ “ಬಾರ ಹಂಪಮ್ಮ” ಎಂದು ಹಿಡಿದಳು, ಎಲ್ಲರೂ ಹಿಡಿದರು, ಇಡೀ ಹೊಲವೇ ಕರೆಯಿತು. ಹುಡುಗಿ ತಾಯಿಯ ಕೈ ಹಿಡಿದಳು, ನೀರಿನಿಂದ ಎದ್ದಳು, ಮರಳಿಗೆ ಕಾಲಿಟ್ಟಳು. ಗೋಪಮ್ಮನ ಕುರುಪಿ ಎರಡನೆಯ ಕಡ್ಡಿಗೆ ತಗುಲಿತು. ಬದುವಿನ ಮೇಲೆ ದೊರೆಸಾನಿ ಸೂಜಿ ಎತ್ತಿ, ಎರಡೂ ಕೈ ಮೇಲೆ ಮಾಡಿ ಕುಣಿದಳು.

ಆಮೇಲೆ ಪ್ಲೇಟು ಹಾಕಿ ಕೇಳಿದರು. ಕುರುಪಿಯ ಸದ್ದು, ವಹೀದನ ಏದುಸಿರು, ಎಲ್ಲ ಅದರಲ್ಲಿತ್ತು. ಹುಡುಗಿ ಮರಳಿಗೆ ಕಾಲಿಟ್ಟಾಗ ಗೋಪಮ್ಮ ಬದುವಿನ ಮೇಲೆ ಕೂತು ಅಳುತ್ತಲೇ ನಕ್ಕಳು. ಇಷ್ಟು ದಿನ ತಾನು ಹಾಡಿದರೆ ಮಾತ್ರ ಹಂಪಮ್ಮ ದಾಟುತ್ತಿದ್ದಳು. ಇನ್ನು ತಾನು ಸತ್ತರೂ ದಾಟುತ್ತಾಳೆ. ಅಷ್ಟು ಸಂತೋಷ ಅವಳಿಗೆ ಮದುವೆಯಲ್ಲೂ ಆಗಿರಲಿಲ್ಲ, ಮಕ್ಕಳು ಹುಟ್ಟಿದಾಗಲೂ ಆಗಿರಲಿಲ್ಲ. ಅದನ್ನು ಮುಂದೆ ಎಲ್ಲರೆದುರೇ ಹೇಳಿಕೊಂಡು ತಿರುಗಿದಳು, ಮಕ್ಕಳು ಮುನಿಸಿಕೊಂಡರೂ ಬಿಡಲಿಲ್ಲ.

ಮೋಟಾರು ಹೊರಡುವಾಗ ಅವಳು ಅದರ ಬಾಗಿಲು ಹಿಡಿದು ನಿಂತಳು. ಅದು ತನಗೇನು ಕೊಡುತ್ತೀರಿ ಎಂದು ಕೇಳುವುದಕ್ಕೆ ಅಂದುಕೊಂಡ ವಹೀದ್.

“ಆ ಮುದುಕಿ ಇನ್ನೂ ಅದಾಳೇನ್ರೀ?”

ವಹೀದ್ ಕೇಳಿದ. ಇದ್ದಾಳಂತೆ, ದೊರೆಸಾನಿಯ ಊರಿನವಳೇ, ಕಣ್ಣು ಮಾತ್ರ ಮಂಜು ಅಂದ.

“ಹಂಗಾದ್ರ ನನ್ನ ಪ್ಲೇಟು ಮೊದ್ಲು ಆಕಿಗೆ ಕೇಳಸ್ರಿ,” ಅಂದಳು ಗೋಪಮ್ಮ. “ಕೇಳಿಸಿ, ಜಾಲಹಳ್ಳಿ ಗೋಪಮ್ಮ ಹೇಳ್ಯಾಳ ಅಂತ ಹೇಳ್ರಿ. ಎದ್ದು ಹೋಗಬ್ಯಾಡವ್ವ, ಇನ್ನೊಂದು ಸಾಲು ಹಾಡು, ನಿನ್ನ ಹುಡುಗಿನೂ ದಾಟ್ತಾಳ.”