ಗಾಳಿಗೆ ಬೆನ್ನು ಕೊಟ್ಟ ಅಜ್ಜಿ

ಪಕ್ಕದ ಫ್ಲಾಟಿನ ಬಾಣಂತಿ ಕೋಣೆಯಿಂದ ಕೆಂಡಕ್ಕೆ ಹಾಕಿದ ಅಜವಾನದ ವಾಸನೆ ಬಂತು. ಚೆಂಬೂರಿನ ಚಾಳಿನಲ್ಲಿ ನನ್ನ ತಂಗಿ ಹುಟ್ಟಿದಾಗಲೂ ಇದೇ ವಾಸನೆ. ಥಂಡಿ ತಾಗಬಾರದೆಂದು ಧಾರವಾಡದಿಂದ ಬಂದಿದ್ದ ಅಜ್ಜಿ ಇದ್ದ ಒಂದೇ ಕಿಟಕಿಗೆ ಕೌದಿ ಕಟ್ಟಿ, ಮಂಚದ ಕೆಳಗೆ ಕೆಂಡ ಇಟ್ಟಿದ್ದಳು. ಮೂರನೆಯ ದಿನ ಅವ್ವನಿಗೆ ತಲೆ ಸುತ್ತಿತು. ಕೂಸು ಹಾಲು ಬಿಟ್ಟಿತು.

ನೋಡಲು ಬಂದ ನರ್ಸ್‌ಬಾಯಿ ಕೌದಿ ಕಿತ್ತೆಸೆದಳು. "ಆಜಿ, ಈ ಹೊಗಿ ಕೂಸಿನ ಜೀವಾ ತಗೀತದ!"

"ಗಾಳಿ ಬಡದ್ರ ಉಳೀತದೇನ?" ಎಂದಳು ಅಜ್ಜಿ.

ಕೆಂಡ ಹೊರಗೆ ಹೋಯಿತು. ಸಂಜೆಗೆ ಕೂಸು ಹಾಲು ಕುಡಿಯಿತು. ಅಜ್ಜಿ ಮತ್ತೆ ಕಿಟಕಿ ಮುಚ್ಚಲಿಲ್ಲ, ಸೋಲಲೂ ಇಲ್ಲ. ಬಾಣಂತನ ಮುಗಿಯುವವರೆಗೆ ಕಿಟಕಿಗೆ ಬೆನ್ನು ಕೊಟ್ಟು ಕೂತು, ಥಂಡಿಯನ್ನೆಲ್ಲ ತಾನೇ ತಗೊಂಡಳು.

ಕಾಲೇಜಿನಲ್ಲಿ ‘ವೆಂಟಿಲೇಷನ್’ ಬಗ್ಗೆ ಏನೋ ಓದಿದ್ದೆ. ನೆನಪಿರುವುದು ಆ ಬೆನ್ನು ಮಾತ್ರ.

ನನ್ನಾಕೆ ಇದ್ದಿದ್ದರೆ "ನಿಮಗ್ಯಾಕ್ರೀ ಊರ ಉಸಾಬರಿ?" ಎನ್ನುತ್ತಿದ್ದಳು. ಆದರೂ ಹೋಗಿ ಪಕ್ಕದ ಫ್ಲಾಟಿನ ಬೆಲ್ ಒತ್ತಿದೆ.

"ಕಿಟಕಿ ತಗದೀಯೇನವಾ?"