ಒಂಬತ್ತು ಬಲ್ಬಿನ ಸವತಿ

ಕರೆಂಟು ಹೋದರೆ ನಮ್ಮ ಮನೆಯಲ್ಲಿ ಎಲ್ಲರೂ ಕೂಗುತ್ತಿದ್ದದ್ದು ಬಟ್ಟೆ ಹೊಲಿಯುವ ದೊಡ್ಡಮ್ಮನನ್ನೇ. ಕನ್ನಡಕ, ಕತ್ತರಿ, ಬೀಗದ ಕೈ, ಏನು ಕೇಳಿದರೂ ಕತ್ತಲಲ್ಲೇ ತಡವಿ ತಂದುಕೊಡುತ್ತಿದ್ದಳು. ಅವಳ ವಾರಗಿತ್ತಿ, ಅಂದರೆ ನಮ್ಮಮ್ಮ, ಒಂಬತ್ತು ಬಲ್ಬಿನ ಅಗ್ಗದ ಟಾರ್ಚು ತಂದ ಮೇಲೆ ಆ ಕೂಗು ನಿಂತಿತು. ದೊಡ್ಡಮ್ಮನಿಗೆ ಹೊಟ್ಟೆಯುರಿ ಶುರುವಾಯಿತು.

‘ಪ್ಲಾಸ್ಟಿಕ್ಕು! ಎಷ್ಟು ದಿನ ಬಾಳುತ್ತೆ?’ ಎಂದು ಮೂಗು ಮುರಿದಳು. ಬೇಕಂತಲೇ ಬೀಳಿಸಿದಳು, ಒಡೆಯಲಿಲ್ಲ. ಬೀದಿಯ ತುದಿಗೆ ಟಾರ್ಚು ಹಾಯಿಸಿ ನೋಡಿದಳು. ಬೆಳಕು ಅಷ್ಟು ದೂರ ಮುಟ್ಟಲಿಲ್ಲ, ಅಷ್ಟಕ್ಕೇ ಹಿಗ್ಗಿದಳು. ಆದರೆ ಕೋಣೆಯಲ್ಲಿ ಹಚ್ಚಿದರೆ ಮಂಚದಡಿ ಬಿದ್ದ ಸೂಜಿಯೂ ಹೊಳೆಯಿತು, ಹಾಳಾದ್ದು!

ಮರುದಿನ ಸಂಜೆ ಕರೆಂಟು ಹೋದಾಗ ಟಾರ್ಚು ಇಟ್ಟ ಜಾಗದಲ್ಲಿರಲಿಲ್ಲ. ಅಮ್ಮ ತಡಕಾಡಿ ಸೋತಳು.

‘ಅಕ್ಕಾ, ಟಾರ್ಚ್ ಸಿಗ್ತಿಲ್ಲ, ಸ್ವಲ್ಪ ಹುಡುಕಿ ಕೊಡಿ!’

‘ಬಂದೆ ಕಣೇ’ ಎಂದ ದೊಡ್ಡಮ್ಮ, ಸೀದಾ ತನ್ನ ಹೊಲಿಗೆ ಯಂತ್ರದ ಡ್ರಾಯರಿಗೆ ಕೈ ಹಾಕಿದಳು.